ನೀರಿನ ಕೂಲರಿನ ಪಂಪು ಮದರ್‌ಬೋರ್ಡಿನಲ್ಲಿ ಎಲ್ಲಿಗೆ ಸೇರಬೇಕು?

ದಾವಣಗೆರೆಯ ಮದುವೆ ಆಲ್ಬಂ ಸ್ಟುಡಿಯೊಗಳ ಒಳಕೋಣೆಗಳಲ್ಲಿ ಈಗ ಗಾಜಿನ ಬದಿಯ ಕಂಪ್ಯೂಟರ್ ಕ್ಯಾಬಿನೆಟ್ಟುಗಳು ಬಂದು ಕೂತಿವೆ. ಬಾಪೂಜಿ, ಯುಬಿಡಿಟಿ ಕಾಲೇಜುಗಳ ಹುಡುಗರ ರೂಮುಗಳಲ್ಲೂ ಅಷ್ಟೇ. ಒಳಗೆ ನೋಡಿದರೆ ಪ್ರೊಸೆಸರಿನ ಮೇಲೆ ಒಂದು ದುಂಡನೆಯ ಡಬ್ಬಿ, ಅದರಿಂದ ಹೊರಟ ಎರಡು ಕಪ್ಪು ಕೊಳವೆ, ಕ್ಯಾಬಿನೆಟ್ಟಿನ ತಲೆಯಲ್ಲಿ ಉದ್ದನೆಯ ರೇಡಿಯೇಟರ್. ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಆನ್‌ಲೈನ್ ಅಂಗಡಿಯಿಂದಲೋ ತರಿಸಿದ ಈ ಕೂಲರನ್ನು ಸ್ಕ್ರೂ ಹಾಕಿ ಕೂರಿಸುವುದು ಬಹಳ ಜನಕ್ಕೆ ಕಷ್ಟವಾಗುವುದಿಲ್ಲ. ಕಷ್ಟ ಶುರುವಾಗುವುದು ಆಮೇಲೆ. ಡಬ್ಬಿಯಿಂದಲೂ ಫ್ಯಾನುಗಳಿಂದಲೂ ಐದಾರು ತಂತಿಗಳು ಇಳಿಬಿದ್ದಿರುತ್ತವೆ. ಚಂದ ಕಾಣಲೆಂದು ತಯಾರಕರು ಅವುಗಳಿಗೆಲ್ಲ ಕಪ್ಪು ಬಣ್ಣ ಬಳಿದಿರುತ್ತಾರೆ. ಜೊತೆಗೆ ಬಂದ ಪುಸ್ತಿಕೆಯಲ್ಲಿ ಚಿತ್ರಗಳಿವೆ, ಮಾತಿಲ್ಲ.

ಆಗ ಏಳುವ ಪ್ರಶ್ನೆ ಒಂದೇ: ಪಂಪಿನ ತಂತಿಯನ್ನು "ಸಿಪಿಯು ಫ್ಯಾನ್" ಎಂದು ಬರೆದಲ್ಲಿ ಸೇರಿಸಬೇಕೋ, "ಎಐಒ ಪಂಪ್" (ಎಐಒ ಎಂದರೆ ಆಲ್ ಇನ್ ಒನ್, ಪಂಪು ರೇಡಿಯೇಟರು ಎಲ್ಲ ಸೇರಿ ಬರುವ ಇಂಥ ಕೂಲರು) ಎಂದು ಬರೆದಲ್ಲಿ ಸೇರಿಸಬೇಕೋ? ನನಗೆ ಈ ಪ್ರಶ್ನೆಯೇ ಅರ್ಧ ಎನಿಸುತ್ತದೆ. ಯಾವ ತೂತಿಗೆ ಎಂದು ಕೇಳುವುದಕ್ಕೆ ಮೊದಲು ಆ ತಂತಿಯಲ್ಲಿ ಏನು ಹರಿಯುತ್ತದೆ ಎಂದು ಕೇಳಬೇಕು. ಪಂಪಿಗೂ ಮದರ್‌ಬೋರ್ಡಿಗೂ ನಡುವೆ ಮೂರು ವ್ಯವಹಾರಗಳಿವೆ. ಪಂಪು ತಿರುಗಲು ಬೇಕಾದ ಕರೆಂಟು ಒಂದು. ತಾನು ಎಷ್ಟು ವೇಗದಲ್ಲಿ ತಿರುಗುತ್ತಿದ್ದೇನೆ ಎಂದು ಪಂಪು ಬೋರ್ಡಿಗೆ ಕಳಿಸುವ ವರದಿ ಇನ್ನೊಂದು. ಇಷ್ಟು ವೇಗದಲ್ಲಿ ತಿರುಗು ಎಂದು ಬೋರ್ಡು ಪಂಪಿಗೆ ಕೊಡುವ ಆಜ್ಞೆ ಮೂರನೆಯದು. ಈ ಮೂರೂ ಒಂದೇ ತಂತಿಗುಚ್ಛದಲ್ಲಿ ಬರಬಹುದು, ಬೇರೆ ಬೇರೆ ದಾರಿಯಲ್ಲೂ ಬರಬಹುದು. ಕೆಲವು ಪಂಪುಗಳಲ್ಲಿ ಮೂರನೆಯದು ಇರುವುದೇ ಇಲ್ಲ. ಇದು ತಲೆಯಲ್ಲಿ ಬಿಡಿಬಿಡಿಯಾಗಿ ನಿಂತಿತೆಂದರೆ ಯಾವ ಕಂಪನಿಯ ಕೂಲರ್ ಬಂದರೂ ಪುಸ್ತಿಕೆಯ ಚಿತ್ರಗಳು ತಾವಾಗಿಯೇ ಅರ್ಥವಾಗುತ್ತವೆ.

ಪಂಪು ಎಂದರೆ ಫ್ಯಾನಲ್ಲ

ಪ್ರೊಸೆಸರಿನ ಮೇಲೆ ಕೂರುವ ಡಬ್ಬಿಯ ತಳದಲ್ಲಿ ತಾಮ್ರದ ತಟ್ಟೆ ಇದೆ. ಅದರ ಒಳಮೈಯಲ್ಲಿ ಕೂದಲಿನಷ್ಟು ಸಣ್ಣ ಗೀರುಗಳು. ಪ್ರೊಸೆಸರಿನ ಬಿಸಿ ತಾಮ್ರಕ್ಕೆ ಏರುತ್ತದೆ, ಗೀರುಗಳ ನಡುವೆ ಹರಿಯುವ ದ್ರವ ಆ ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಒಯ್ಯುತ್ತದೆ, ಫ್ಯಾನುಗಳು ಅಲ್ಲಿ ಗಾಳಿ ಬೀಸಿ ಬಿಸಿಯನ್ನು ಕೋಣೆಗೆ ಚೆಲ್ಲುತ್ತವೆ. ದ್ರವವನ್ನು ತಳ್ಳುವ ಪಂಪು ಹೆಚ್ಚಿನ ಮಾದರಿಗಳಲ್ಲಿ ಆ ಡಬ್ಬಿಯೊಳಗೇ ಇರುತ್ತದೆ. ಕೆಲವು ಮಾದರಿಗಳಲ್ಲಿ ರೇಡಿಯೇಟರಿನಲ್ಲೋ ಕೊಳವೆಯ ನಡುವೆಯೋ ಇರುವುದುಂಟು.

ನಮ್ಮ ಸೀಮೆಯವರಿಗೆ ಈ ಪಂಪಿನ ಗುಣವನ್ನು ಕೊಳವೆಬಾವಿಯ ಸಬ್‌ಮರ್ಸಿಬಲ್ ಮೋಟಾರಿನ ಮೂಲಕ ಹೇಳುವುದು ಸುಲಭ. ಅದು ನೀರಿನಲ್ಲೇ ಮುಳುಗಿ ತಿರುಗುತ್ತದೆ. ಅದನ್ನು ತಣ್ಣಗಿಡುವುದೂ ನೀರೇ. ಬಾವಿ ಬತ್ತಿದಾಗ ಓಡಿಸಿದರೆ ಕೆಡುತ್ತದೆ. ಅದಕ್ಕೆ ರೆಗ್ಯುಲೇಟರ್ ಹಾಕಿ ಹಗಲು ನಿಧಾನ, ರಾತ್ರಿ ಜೋರು ಎಂದು ಯಾರೂ ಓಡಿಸುವುದಿಲ್ಲ. ಪೂರ್ತಿ ಕರೆಂಟು ಕೊಡುತ್ತಾರೆ, ಇಲ್ಲವೇ ನಿಲ್ಲಿಸುತ್ತಾರೆ. ಕೂಲರಿನ ಪುಟ್ಟ ಪಂಪಿನಲ್ಲೂ ತಿರುಗುವ ಭಾಗ ದ್ರವದೊಳಗೇ ಇದೆ, ಅದರ ಬೇರಿಂಗಿಗೆ ಎಣ್ಣೆಯ ಕೆಲಸ ಮಾಡುವುದು ಆ ದ್ರವವೇ. ಹೋಲಿಕೆ ಇಲ್ಲಿಗೆ ಸಾಕು. ಏಕೆಂದರೆ ಹೊಲದ ಮೋಟಾರು ವೋಲ್ಟೇಜ್ ಬಿದ್ದರೆ ಸುಟ್ಟುಹೋದೀತು. 12 ವೋಲ್ಟಿನ ಈ ಪಂಪು ವೋಲ್ಟೇಜ್ ಕಡಿಮೆಯಾದರೆ ಸುಡುವುದಿಲ್ಲ, ತಡವರಿಸಿ ನಿಲ್ಲುತ್ತದೆ ಅಥವಾ ಶುರುವಾಗುವುದೇ ಇಲ್ಲ. ಸದ್ದಿಲ್ಲದೆ ನಿಲ್ಲುತ್ತದೆ ಎಂಬುದೇ ತೊಂದರೆ.

ಫ್ಯಾನು ನಿಧಾನವಾದರೆ ಅಷ್ಟೇನೂ ಆಪತ್ತಿಲ್ಲ, ಅದಕ್ಕೆ ಕಾರಣ ದ್ರವದಲ್ಲಿದೆ. ದೊಡ್ಡ ಕೂಲರೊಂದರಲ್ಲಿ 300 ಮಿಲಿಲೀಟರ್ ನೀರಿದೆ ಎಂದುಕೊಳ್ಳೋಣ. ಅಷ್ಟು ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1250 ಜೂಲ್ ಶಕ್ತಿ ಬೇಕು. ಪ್ರೊಸೆಸರ್ 150 ವ್ಯಾಟ್ ಬಿಸಿಯನ್ನು ಸುರಿಯುತ್ತಿದ್ದರೆ, ಫ್ಯಾನುಗಳೆಲ್ಲ ನಿಂತಿದ್ದರೂ ನೀರು ಒಂದು ಡಿಗ್ರಿ ಏರಲು ಎಂಟು ಸೆಕೆಂಡು ಹಿಡಿಯುತ್ತದೆ. ನಿಮಗೆ ಗೊತ್ತುಮಾಡಿಕೊಳ್ಳಲು ಕೆಲವು ನಿಮಿಷಗಳ ಕಾಲಾವಕಾಶ ಇದೆ. ಪಂಪು ನಿಂತರೆ ಲೆಕ್ಕವೇ ಬೇರೆ. ಹರಿವಿಲ್ಲದ ಮೇಲೆ 300 ಮಿಲಿಲೀಟರಿನಲ್ಲಿ ಬಹುಪಾಲು ರೇಡಿಯೇಟರಿನಲ್ಲಿ ಸುಮ್ಮನೆ ಕೂತಿರುತ್ತದೆ, ಬಿಸಿಗೆ ಸಿಗುವುದು ತಾಮ್ರದ ತಟ್ಟೆಯ ಮೇಲಿನ ಇಷ್ಟೇ ಇಷ್ಟು. ಅದು 20 ಮಿಲಿಲೀಟರ್ ಇದ್ದರೆ ಪ್ರತಿ ಸೆಕೆಂಡಿಗೆ ಹತ್ತಿರಹತ್ತಿರ ಎರಡು ಡಿಗ್ರಿ ಏರುತ್ತದೆ. 40 ಡಿಗ್ರಿಯಿಂದ 90 ಮುಟ್ಟಲು ಅರ್ಧ ನಿಮಿಷ ಸಾಕು. ಲೆಕ್ಕ ಸ್ಥೂಲವಾದದ್ದು, ದ್ರವದಲ್ಲಿ ಗ್ಲೈಕಾಲ್ ಬೆರೆತಿರುತ್ತದೆ, ತಾಮ್ರವೂ ಸ್ವಲ್ಪ ಬಿಸಿ ಹೀರುತ್ತದೆ. ಆದರೂ ಫ್ಯಾನಿಗೂ ಪಂಪಿಗೂ ಇರುವ ಅಂತರ ಎಷ್ಟೆಂದು ಇದರಿಂದ ತಿಳಿಯುತ್ತದೆ.

ಹಾಗೆಂದು ಹೆದರಬೇಕಾಗಿಲ್ಲ. ಈಗಿನ ಪ್ರೊಸೆಸರುಗಳು 95 ಅಥವಾ 100 ಡಿಗ್ರಿಯ ಹತ್ತಿರ ಬಂದಾಗ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ, ಅದಕ್ಕೂ ಬಗ್ಗದಿದ್ದರೆ ಯಂತ್ರವನ್ನೇ ಆರಿಸುತ್ತವೆ. ಪ್ರೊಸೆಸರ್ ಸಾಯುವುದು ಅಪರೂಪ. ನಾಲ್ಕು ಗಂಟೆಯ ಮದುವೆ ವಿಡಿಯೊ ರೆಂಡರ್ ಆಗುತ್ತಿರುವಾಗ ಮಧ್ಯದಲ್ಲಿ ಆರಿಹೋಗುವುದು ಅಪರೂಪವಲ್ಲ.

ನಾಲ್ಕು ಪಿನ್ನುಗಳ ಕೆಲಸ

ಮದರ್‌ಬೋರ್ಡಿನ ಫ್ಯಾನ್ ಹೆಡರಿನಲ್ಲಿ, ಅಂದರೆ ಫ್ಯಾನಿನ ತಂತಿ ಸಿಕ್ಕಿಸುವ ಜಾಗದಲ್ಲಿ, ನಾಲ್ಕು ಪಿನ್ನುಗಳು ಸಾಲಾಗಿ ನಿಂತಿರುತ್ತವೆ. ಮೊದಲನೆಯದು ಗ್ರೌಂಡ್, ಎರಡನೆಯದು 12 ವೋಲ್ಟ್. ಕರೆಂಟಿನ ವ್ಯವಹಾರ ಈ ಎರಡರಲ್ಲಿ ಮುಗಿಯಿತು. ಮೂರನೆಯದು ವರದಿ. ಮೋಟಾರು ಒಂದು ಸುತ್ತು ಸುತ್ತಿದರೆ ಈ ತಂತಿಯಲ್ಲಿ ಎರಡು ಮಿಡಿತಗಳು ಬರುತ್ತವೆ. ಬೋರ್ಡು ಅವುಗಳನ್ನು ಎಣಿಸಿ ನಿಮಿಷಕ್ಕೆ ಇಷ್ಟು ಸುತ್ತು ಎಂದು ಪರದೆಯ ಮೇಲೆ ತೋರಿಸುತ್ತದೆ. 2800 ಆರ್‌ಪಿಎಂ ಎಂದರೆ ಸೆಕೆಂಡಿಗೆ 93 ಮಿಡಿತ. ನಾಲ್ಕನೆಯದು ಆಜ್ಞೆ. ಇದನ್ನು ಪಿಡಬ್ಲ್ಯುಎಂ ಎನ್ನುತ್ತಾರೆ. ಸೆಕೆಂಡಿಗೆ ಸುಮಾರು 25,000 ಸಲ ಈ ತಂತಿಯ ಸಂಕೇತ ಹತ್ತಿ ಆರುತ್ತದೆ. ಹತ್ತಿದ ಹೊತ್ತು ಹೆಚ್ಚಿದ್ದರೆ ಜೋರಾಗಿ ತಿರುಗು, ಕಡಿಮೆಯಿದ್ದರೆ ನಿಧಾನ ಎಂದರ್ಥ. ಇಲ್ಲಿ ಗಮನಿಸಬೇಕಾದದ್ದು, ವೇಗ ಎಷ್ಟೇ ಬದಲಾದರೂ ಎರಡನೆಯ ಪಿನ್ನಿನಲ್ಲಿ 12 ವೋಲ್ಟ್ ಕದಲದೆ ನಿಂತಿರುತ್ತದೆ.

ಮೂರೇ ಪಿನ್ನಿನ ಪಂಪೂ ಇದೆ. ಅದಕ್ಕೆ ಆಜ್ಞೆ ಕೇಳುವ ಕಿವಿಯಿಲ್ಲ. ನಾಲ್ಕು ಪಿನ್ನಿನ ಹೆಡರಿಗೆ ಅದನ್ನು ಸೇರಿಸಬಹುದು. ಪಕ್ಕದ ಪ್ಲಾಸ್ಟಿಕ್ ಪಟ್ಟಿಯು ಕನೆಕ್ಟರಿನ ಗೀರಿಗೆ ಹೊಂದುವ ಹಾಗೆ ಕೂರಿಸಿದರೆ ನಾಲ್ಕನೆಯ ಪಿನ್ನು ಹೊರಗೆ ಖಾಲಿ ಉಳಿಯುತ್ತದೆ, ಅದೇ ಸರಿ. ಮೂರು ಪಿನ್ನಿನದನ್ನು ನಿಧಾನ ಮಾಡಬೇಕೆಂದರೆ ಬೋರ್ಡಿಗೆ ಒಂದೇ ದಾರಿ: 12 ವೋಲ್ಟನ್ನೇ ಇಳಿಸುವುದು. ಇದಕ್ಕೆ ಡಿಸಿ ಮೋಡ್ ಎಂದು ಹೆಸರು. ಫ್ಯಾನಿಗೆ ಇದರಿಂದ ತೊಂದರೆಯಿಲ್ಲ. ಪಂಪಿಗೆ ಐದಾರು ವೋಲ್ಟ್ ಮಾತ್ರ ಸಿಕ್ಕರೆ ಮೇಲೆ ಹೇಳಿದ ತಡವರಿಕೆ ಶುರುವಾಗುತ್ತದೆ.

ಇಲ್ಲೊಂದು ವಿಚಿತ್ರವಿದೆ, ಗೊತ್ತಿದ್ದರೆ ಉಪಯೋಗಕ್ಕೆ ಬರುತ್ತದೆ. ಮೂರು ಪಿನ್ನಿನ ಪಂಪನ್ನು ಸೇರಿಸಿದ ಹೆಡರನ್ನು ಬೋರ್ಡಿನ ಸೆಟ್ಟಿಂಗುಗಳ ಪರದೆಯಾದ ಬಯಾಸ್‌ನಲ್ಲಿ ಪಿಡಬ್ಲ್ಯುಎಂ ಮೋಡಿಗೆ ಇಟ್ಟರೆ ಪಂಪಿಗೆ ಆಜ್ಞೆ ಕೇಳಿಸುವುದಿಲ್ಲ, ಆದರೆ 12 ವೋಲ್ಟ್ ಪೂರ್ತಿ ಸಿಗುತ್ತದೆ. ಅಂದರೆ ಅದು ಸದಾ ಪೂರ್ಣ ವೇಗದಲ್ಲಿ ಓಡುತ್ತದೆ. ನಮಗೆ ಬೇಕಾಗಿದ್ದೂ ಅದೇ. ಎಡವಟ್ಟಾಗುವುದು "ಆಟೊ" ಎಂದು ಬಿಟ್ಟಾಗ. ಬೋರ್ಡು ತಾನೇ ಪರೀಕ್ಷಿಸಿ, ಇದು ಮೂರು ಪಿನ್ನಿನದು ಎಂದು ಕಂಡುಕೊಂಡು, ಡಿಸಿ ಮೋಡಿಗೆ ಬದಲಾಯಿಸಿ, ಯಂತ್ರ ಬಿಡುವಾಗಿದ್ದಾಗ ವೋಲ್ಟೇಜ್ ಇಳಿಸುತ್ತದೆ. ಜಾಣತನ ಮಾಡಲು ಹೋಗಿ ಪಂಪನ್ನು ಅರೆಹೊಟ್ಟೆಯಲ್ಲಿ ಇಡುತ್ತದೆ.

ನಾಲ್ಕು ಪಿನ್ನಿನ ಪಂಪಿನಲ್ಲಿ ಈ ಕಷ್ಟ ಕಡಿಮೆ. ಇಂಟೆಲ್ ರೂಪಿಸಿದ ನಾಲ್ಕು ತಂತಿಯ ನಿಯಮದ ಪ್ರಕಾರ ಆಜ್ಞೆಯ ತಂತಿಯಲ್ಲಿ ಏನೂ ಬರದಿದ್ದರೆ ಮೋಟಾರು ಪೂರ್ಣ ವೇಗದಲ್ಲಿ ತಿರುಗಬೇಕು. ಪಂಪುಗಳೂ ಸಾಮಾನ್ಯವಾಗಿ ಹಾಗೇ ನಡೆದುಕೊಳ್ಳುತ್ತವೆ.

ಹೆಡರುಗಳ ಹೆಸರು, ಅವುಗಳ ಸ್ವಭಾವ

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ವಿದ್ಯುತ್ತಿನ ದೃಷ್ಟಿಯಿಂದ ಸಿಪಿಯು ಫ್ಯಾನ್, ಸಿಪಿಯು ಆಪ್ಟ್, ಎಐಒ ಪಂಪ್, ಸಿಸ್ಟಂ ಫ್ಯಾನ್ ಎಲ್ಲವೂ ಅದೇ ನಾಲ್ಕು ಪಿನ್ನುಗಳೇ. ವ್ಯತ್ಯಾಸವಿರುವುದು ಎರಡು ಕಡೆ: ಎಷ್ಟು ಕರೆಂಟು ಕೊಡಬಲ್ಲದು, ಕಾರ್ಖಾನೆಯಿಂದ ಬರುವಾಗಲೇ ಅದಕ್ಕೆ ಎಂಥ ಸೆಟ್ಟಿಂಗ್ ಇದೆ.

ಸಿಪಿಯು ಫ್ಯಾನ್ ಹೆಡರ್ ಪ್ರೊಸೆಸರಿನ ಬಿಸಿಯನ್ನು ನೋಡಿ ವೇಗ ಏರಿಸಿ ಇಳಿಸುತ್ತದೆ. ಗಾಳಿಯ ಕೂಲರಿಗೆ ಹೇಳಿ ಮಾಡಿಸಿದ್ದು. ಇದಕ್ಕೆ ಇನ್ನೊಂದು ಗುಣವೂ ಇದೆ. ಬೋರ್ಡು ಹೊತ್ತಿಕೊಳ್ಳುವಾಗ ಇಲ್ಲಿಂದ ವರದಿ ಬರದಿದ್ದರೆ ಹಲವು ಬೋರ್ಡುಗಳು "ಸಿಪಿಯು ಫ್ಯಾನ್ ಎರರ್" ಎಂದು ಬರೆದು ಅಲ್ಲೇ ನಿಲ್ಲುತ್ತವೆ. ಸಿಪಿಯು ಆಪ್ಟ್ ಎಂಬುದು ಅನೇಕ ಬೋರ್ಡುಗಳಲ್ಲಿ ಸಿಪಿಯು ಫ್ಯಾನಿನ ಆಜ್ಞೆಯನ್ನೇ ಅನುಸರಿಸುವ ಜೋಡಿ. ಎಐಒ ಪಂಪ್, ಪಂಪ್ ಫ್ಯಾನ್, ವಾಟರ್ ಪಂಪ್ ಮುಂತಾದ ಹೆಸರಿನವು ಸಾಮಾನ್ಯವಾಗಿ ಪೂರ್ಣ ವೇಗದ ಸೆಟ್ಟಿಂಗಿನೊಡನೆ ಬರುತ್ತವೆ. ಕರೆಂಟಿನ ಮಿತಿ ಮಾಮೂಲಿ ಹೆಡರಿಗೆ 1 ಆಂಪಿಯರ್, ಅಂದರೆ 12 ವ್ಯಾಟ್. ಪಂಪಿಗೆಂದೇ ಇಟ್ಟ ಕೆಲವು ಹೆಡರುಗಳಿಗೆ 2 ಅಥವಾ 3 ಆಂಪಿಯರ್. ನಿಮ್ಮ ಬೋರ್ಡಿನದು ಎಷ್ಟೆಂದು ಅದರ ಪುಸ್ತಿಕೆಯಲ್ಲೇ ಬರೆದಿರುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟು. ಪಂಪು ಹೆಡರ್ ಇದ್ದರೆ ಪಂಪು ಅಲ್ಲಿಗೆ, ರೇಡಿಯೇಟರಿನ ಫ್ಯಾನುಗಳು ಸಿಪಿಯು ಫ್ಯಾನಿಗೆ. ಆಗ ಎರರ್ ಬರುವುದಿಲ್ಲ, ಫ್ಯಾನುಗಳು ಬಿಸಿಗೆ ತಕ್ಕಂತೆ ಏರಿಳಿಯುತ್ತವೆ, ಪಂಪು ತನ್ನ ಪಾಡಿಗೆ ಓಡುತ್ತದೆ. ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಪಂಪು ಹೆಡರ್ ಇಲ್ಲದಿರಬಹುದು. ಆಗ ಪಂಪನ್ನು ಸಿಪಿಯು ಫ್ಯಾನಿಗೆ ಕೊಟ್ಟು ಆ ಹೆಡರನ್ನು ಬಯಾಸ್‌ನಲ್ಲಿ ಪೂರ್ಣ ವೇಗಕ್ಕೆ ಕಟ್ಟಿಹಾಕಿ, ಫ್ಯಾನುಗಳನ್ನು ಸಿಸ್ಟಂ ಫ್ಯಾನಿಗೆ ಕೊಟ್ಟು ಅದಕ್ಕೆ ಪ್ರೊಸೆಸರಿನ ತಾಪಮಾನವನ್ನು ಆಧಾರವಾಗಿ ಆರಿಸಬೇಕು. ಇದರಲ್ಲಿ ಒಂದು ಲಾಭವೂ ಉಂಟು: ಪಂಪು ಕೆಟ್ಟ ದಿನ ಬೋರ್ಡು ಹೊತ್ತಿಕೊಳ್ಳುವಾಗಲೇ ಕೂಗಿ ಹೇಳುತ್ತದೆ. ಎರರ್ ಬಂತೆಂದು ಬಯಾಸ್‌ಗೆ ಹೋಗಿ ಆ ಎಚ್ಚರಿಕೆಯನ್ನೇ "ಇಗ್ನೋರ್" ಮಾಡಿಬಿಡುವವರನ್ನು ಕಂಡರೆ ನನಗೆ ಕಸಿವಿಸಿ. ಪಂಪು ಬೇರೆ ಹೆಡರಿನಲ್ಲಿದ್ದು ಅದರ ವರದಿ ಸರಿಯಾಗಿ ಬರುತ್ತಿದೆ ಎಂದು ಕಣ್ಣಾರೆ ನೋಡಿದ ಮೇಲೆ ಮಾತ್ರ ಅದನ್ನು ಮಾಡಬಹುದು.

ಪೂರ್ಣ ವೇಗ ಎಂದು ಇಷ್ಟು ಒತ್ತಿ ಹೇಳಿದರೂ ಅದು ಶಾಸನವಲ್ಲ. ಒಳ್ಳೆಯ ಪಿಡಬ್ಲ್ಯುಎಂ ಪಂಪನ್ನು ನಿಧಾನವಾಗಿ ಓಡಲೂ ರೂಪಿಸಿರುತ್ತಾರೆ. ಆರ್ಕ್‌ಟಿಕ್ ಕಂಪನಿಯ ಲಿಕ್ವಿಡ್ ಫ್ರೀಜರ್ 2 ಕೂಲರಿನಲ್ಲಿ ಪಂಪು, ಫ್ಯಾನು ಎಲ್ಲವೂ ಸೇರಿ ಒಂದೇ ತಂತಿ; ಪಂಪು 800ರಿಂದ 2000 ಆರ್‌ಪಿಎಂವರೆಗೆ ಆಜ್ಞೆಗೆ ತಕ್ಕಂತೆ ಏರಿಳಿಯುತ್ತದೆ, ಅದನ್ನು ಸಿಪಿಯು ಫ್ಯಾನಿಗೆ ಕೊಟ್ಟರೆ ಮುಗಿಯಿತು. ಬೇರೆ ಪಂಪುಗಳ ಗುಂಯ್ ಸದ್ದು ರಾತ್ರಿ ಕಿರಿಕಿರಿ ಮಾಡಿದರೆ 70 ಪ್ರತಿಶತಕ್ಕೆ ಇಳಿಸಿ ನೋಡಬಹುದು, ಬಿಸಿ ಹೆಚ್ಚಾಗುವುದು ಕೆಲವೇ ಡಿಗ್ರಿ. ಇಳಿಸಿದ ಮೇಲೆ ಆ ವೇಗವನ್ನು ಅಲ್ಲೇ ಸ್ಥಿರವಾಗಿ ಬಿಡಬೇಕು. ಪ್ರೊಸೆಸರಿನ ತಾಪಮಾನ ಒಂದು ಕ್ಲಿಕ್ಕಿಗೆ ಇಪ್ಪತ್ತು ಡಿಗ್ರಿ ಜಿಗಿದು ಮರುಕ್ಷಣ ಇಳಿಯುವಂಥದ್ದು; ಅದರ ಹಿಂದೆ ಪಂಪನ್ನು ಓಡಿಸಿದರೆ ಸದ್ದು ಏರಿಳಿದು ತಲೆನೋವು ಬರುವುದೇ ಹೊರತು ದ್ರವದ ಬಿಸಿಯಲ್ಲಿ ಏನೂ ಬದಲಾಗುವುದಿಲ್ಲ.

ಸಾಟಾ ತಂತಿಯಿಂದ ಕರೆಂಟು ಪಡೆಯುವ ಪಂಪುಗಳು

ಕೋರ್ಸೇರ್, ಎನ್‌ಝಡ್‌ಎಕ್ಸ್‌ಟಿ ಕಂಪನಿಗಳ ಅನೇಕ ಮಾದರಿಗಳು ಈ ಬಗೆಯವು. ಇವುಗಳ ಪಂಪು ಮದರ್‌ಬೋರ್ಡಿನಿಂದ ಕರೆಂಟು ಕೇಳುವುದೇ ಇಲ್ಲ. ಯಂತ್ರಕ್ಕೆಲ್ಲ ಕರೆಂಟು ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಬರುವ, ಹಾರ್ಡ್ ಡಿಸ್ಕಿಗೆ ಹಾಕುವ ಚಪ್ಪಟೆ ಸಾಟಾ ಕನೆಕ್ಟರಿನಿಂದ ನೇರವಾಗಿ 12 ವೋಲ್ಟ್ ಪಡೆಯುತ್ತದೆ. ಬೋರ್ಡಿಗೆ ಹೋಗುವುದು ಮೂರು ತೂತಿನ ಒಂದು ಕನೆಕ್ಟರ್. ಅದನ್ನು ತಿರುಗಿಸಿ ನೋಡಿದರೆ ಒಳಗೆ ಒಂದೇ ಒಂದು ತಂತಿ! ತಯಾರಕರು ಮೋಸ ಮಾಡಿದರೆಂದು ತಿಳಿಯಬೇಡಿ. ಅದು ವರದಿಯ ತಂತಿ, ಇಲ್ಲಿ ಬೇಕಾಗಿರುವುದು ಅಷ್ಟೇ. ಇದನ್ನು ಸಿಪಿಯು ಫ್ಯಾನಿಗೆ ಸೇರಿಸಿದರೆ ಎರರ್ ಬರುವುದಿಲ್ಲ, ಪಂಪಿನ ವೇಗ ಪರದೆಯಲ್ಲಿ ಕಾಣುತ್ತದೆ. ಆ ಹೆಡರಿನ ವೇಗವನ್ನು ಬಯಾಸ್‌ನಲ್ಲಿ ಎಷ್ಟು ತಿರುವಿದರೂ ಪಂಪು ಕದಲುವುದಿಲ್ಲ, ಏಕೆಂದರೆ ಆಜ್ಞೆಯ ತಂತಿಯೇ ಇಲ್ಲ. ಇದನ್ನು ತಿಳಿಯದೆ ರಾತ್ರಿಯಿಡೀ ತಾಪಮಾನಕ್ಕೆ ತಕ್ಕ ವೇಗದ ಗೆರೆ (ಕರ್ವ್) ಎಳೆಯುತ್ತ ಕೂತವರುಂಟು.

ಅಂಥ ಪಂಪಿಗೆ ಆಜ್ಞೆ ಬರುವುದು ಇನ್ನೊಂದು ದಾರಿಯಿಂದ: ಯುಎಸ್‌ಬಿ. ಡಬ್ಬಿಯ ಮೇಲಿನ ಪರದೆ, ಬೆಳಕು, ಪಂಪಿನ ವೇಗ, ದ್ರವದ ತಾಪಮಾನ ಎಲ್ಲವನ್ನೂ ಕಂಪನಿಯ ತಂತ್ರಾಂಶ ಈ ತಂತಿಯ ಮೂಲಕ ನೋಡಿಕೊಳ್ಳುತ್ತದೆ. ಇದು ಬೋರ್ಡಿನ ಒಳಗಿನ ಯುಎಸ್‌ಬಿ 2.0 ಹೆಡರಿಗೆ ಸೇರಬೇಕು. ಅದರಲ್ಲಿ ಒಂಬತ್ತು ಪಿನ್ನುಗಳು, ಹತ್ತನೆಯ ಜಾಗ ಖಾಲಿ. ಮುಂದಿನ ಆಡಿಯೊ ಹೆಡರಿನಲ್ಲೂ ಒಂಬತ್ತು ಪಿನ್ನು, ಆದರೆ ಖಾಲಿ ಜಾಗ ಬೇರೆ ಕಡೆ. ಸಲೀಸಾಗಿ ಇಳಿಯದಿದ್ದರೆ ಅದು ತಪ್ಪು ಜಾಗ. ಒತ್ತಿದರೆ ಪಿನ್ನು ಬಾಗುತ್ತದೆ. ಸಣ್ಣ ಬೋರ್ಡಿನಲ್ಲಿ ಯುಎಸ್‌ಬಿ 2.0 ಹೆಡರ್ ಒಂದೇ ಇದ್ದು ಅದನ್ನು ಕ್ಯಾಬಿನೆಟ್ಟಿನ ಮುಂಭಾಗ ಆಗಲೇ ಹಿಡಿದಿದ್ದರೆ ಒಳಗೆ ಕೂರುವ ಪುಟ್ಟ ಯುಎಸ್‌ಬಿ ಹಬ್ ಕೊಳ್ಳಬೇಕಾಗುತ್ತದೆ.

ಎರಡು ತಂತಿ ಮಾತ್ರ ಇರುವ ನಾಲ್ಕು ತೂತಿನ ಕನೆಕ್ಟರ್ ಕಂಡರೆ? ಈಗ ನೀವೇ ಹೇಳಬಲ್ಲಿರಿ: ಕರೆಂಟು ಸಾಟಾದಿಂದ, ವರದಿ ಮತ್ತು ಆಜ್ಞೆ ಬೋರ್ಡಿನಿಂದ.

ಸ್ಪ್ಲಿಟರಿನ ಒಳಗುಟ್ಟು

ಹೆಡರುಗಳು ಸಾಲದಾದಾಗ ವೈ ಆಕಾರದ ಸ್ಪ್ಲಿಟರ್ ತಂದು ಎಲ್ಲವನ್ನೂ ಒಂದಕ್ಕೇ ಗಂಟುಹಾಕುವ ಅಭ್ಯಾಸವಿದೆ. ಫ್ಯಾನಿಗೆ ಫ್ಯಾನು ಸೇರಿಸುವುದಾದರೆ ತಕರಾರಿಲ್ಲ. ಪಂಪನ್ನು ಸೇರಿಸುವ ಮೊದಲು ಎರಡು ಸಂಗತಿ ನೋಡಿ. ಒಂದು ಕರೆಂಟಿನ ಲೆಕ್ಕ. ಪಂಪಿನ ಚೀಟಿಯಲ್ಲಿ 0.4 ಆಂಪಿಯರ್, ಮೂರು ಫ್ಯಾನುಗಳಿಗೆ ತಲಾ 0.25 ಎಂದಿದ್ದರೆ ಒಟ್ಟು 1.15. ಒಂದು ಆಂಪಿಯರಿನ ಹೆಡರಿಗೆ ಇದು ಹೆಚ್ಚಾಯಿತು. ಇಂದೇ ಸುಡದಿದ್ದರೂ ಹೆಡರಿನ ಆಯುಷ್ಯ ಕಡಿಮೆಯಾಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ಒಂದು ಹೆಡರು ಒಂದೇ ವರದಿಯನ್ನು ಓದಬಲ್ಲದು. ಆದ್ದರಿಂದ ಸ್ಪ್ಲಿಟರಿನ ಒಂದು ಬಾಯಿಯಲ್ಲಿ ಮಾತ್ರ ವರದಿಯ ತಂತಿ ಇರುತ್ತದೆ, ಉಳಿದವುಗಳಲ್ಲಿ ಆ ಪಿನ್ನನ್ನು ಕಿತ್ತಿರುತ್ತಾರೆ. ವರದಿಯಿರುವ ಬಾಯಿಗೆ ಫ್ಯಾನು ಹೋಗಿ, ವರದಿಯಿಲ್ಲದ ಬಾಯಿಗೆ ಪಂಪು ಹೋಯಿತೆಂದರೆ ಪಂಪು ನಿಂತುಹೋದರೂ ಪರದೆಯ ಮೇಲೆ 1200 ಆರ್‌ಪಿಎಂ ಎಂದು ಚೆನ್ನಾಗಿಯೇ ಕಾಣುತ್ತಿರುತ್ತದೆ. ಅದು ಫ್ಯಾನಿನ ವೇಗ.

ಹರಿಹರದ ಒಬ್ಬ ಸ್ಟುಡಿಯೊದವರು ಇದಕ್ಕೆ ತಿರುಗುಮುರುಗಾದ ಕಷ್ಟ ತಂದಿದ್ದರು. "ಸರ್, ಪಂಪು ಸೊನ್ನೆ ತೋರಿಸುತ್ತಿದೆ, ಆದರೆ ಪ್ರೊಸೆಸರ್ ತಣ್ಣಗಿದೆ. ಕೂಲರನ್ನೇ ವಾಪಸ್ ಕಳಿಸಲೇ?" ಎಂದು ಫೋನಿನಲ್ಲಿ ಕೇಳಿದರು. "ಸ್ವಲ್ಪ ತಡೆಯಿರಿ, ಪಂಪಿನ ತಂತಿ ನೇರವಾಗಿ ಬೋರ್ಡಿಗೆ ಹೋಗಿದೆಯೋ, ನಡುವೆ ಬೇರೆ ತಂತಿ ಇದೆಯೋ ನೋಡಿ" ಎಂದೆ. ನಡುವೆ ಸ್ಪ್ಲಿಟರ್ ಇತ್ತು. ಬಾಯಿ ಬದಲಿಸಿದ ಕೂಡಲೇ 2600 ಕಂಡಿತು.

ಇಲ್ಲಿ ಪಂಪಿಗೆ ಸಂಬಂಧವಿಲ್ಲದ, ಆದರೆ ಅದೇ ಡಬ್ಬಿಯಿಂದ ಬರುವ ಇನ್ನೊಂದು ತಂತಿಯ ಮಾತನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಹಣ ಹೋಗುವುದು ಹೆಚ್ಚಾಗಿ ಅಲ್ಲೇ. ಬಣ್ಣದ ದೀಪಗಳಿಗೆ ಎರಡು ಬಗೆಯ ಹೆಡರುಗಳಿವೆ. ಮೂರು ಪಿನ್ನಿನ ಎಆರ್‌ಜಿಬಿ 5 ವೋಲ್ಟಿನದು, ನಾಲ್ಕು ಪಿನ್ನಿನ ಆರ್‌ಜಿಬಿ 12 ವೋಲ್ಟಿನದು. 5 ವೋಲ್ಟಿನ ದೀಪವನ್ನು ಒತ್ತಾಯ ಮಾಡಿ 12 ವೋಲ್ಟಿನ ಹೆಡರಿಗೆ ಕೂರಿಸಿದರೆ ದೀಪಗಳು ಒಂದು ಕ್ಷಣ ಮಿಂಚಿ ಶಾಶ್ವತವಾಗಿ ಆರುತ್ತವೆ.

ಬಯಾಸ್‌ನಲ್ಲಿ ನೋಡಬೇಕಾದದ್ದು

ಯಂತ್ರ ಹೊತ್ತಿಸಿ ಡಿಲೀಟ್ ಅಥವಾ ಎಫ್2 ಕೀಲಿ ಒತ್ತುತ್ತಿದ್ದರೆ ಬಯಾಸ್ ತೆರೆಯುತ್ತದೆ. ಫ್ಯಾನಿನ ಪುಟಕ್ಕೆ ಏಸಸ್ ಬೋರ್ಡಿನಲ್ಲಿ ಕ್ಯೂ ಫ್ಯಾನ್ ಎಂದೂ ಗಿಗಾಬೈಟಿನಲ್ಲಿ ಸ್ಮಾರ್ಟ್ ಫ್ಯಾನ್ ಎಂದೂ ಎಎಸ್‌ರಾಕ್‌ನಲ್ಲಿ ಫ್ಯಾನ್ ಟೇಸ್ಟಿಕ್ ಟ್ಯೂನಿಂಗ್ ಎಂದೂ ಹೆಸರು. ಎಂಎಸ್‌ಐನಲ್ಲಿ ಹಾರ್ಡ್‌ವೇರ್ ಮಾನಿಟರ್ ಎಂಬ ಪುಟದಲ್ಲಿ ಸಿಗುತ್ತದೆ. ಪಂಪು ಸೇರಿದ ಹೆಡರನ್ನು ಆರಿಸಿ "ಫುಲ್ ಸ್ಪೀಡ್" ಎಂದಿಟ್ಟು, ಉಳಿಸಿ ಹೊರಬನ್ನಿ. ಮತ್ತೆ ಒಳಹೋಗಿ ವೇಗವನ್ನು ಓದಿ. ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಯ ಹತ್ತಿರ ಇದ್ದರೆ ಸರಿ.

ಅದೇ ಪುಟದಲ್ಲಿ ಎರಡು ಮೂರು ನಿಮಿಷ ಪ್ರೊಸೆಸರಿನ ತಾಪಮಾನ ನೋಡುತ್ತ ಕೂರುವುದು ಒಳ್ಳೆಯದು. ನಾಲ್ವತ್ತರಿಂದ ಐವತ್ತರ ಸುತ್ತ ಬಂದು ನಿಂತರೆ ನಿಶ್ಚಿಂತೆ. ಎಪ್ಪತ್ತು, ಎಂಬತ್ತು ಎಂದು ಬಿಡದೆ ಏರುತ್ತಿದ್ದರೆ ಕೂಡಲೇ ಆರಿಸಿ. ಪಂಪು ಓಡುತ್ತಿಲ್ಲ, ಇಲ್ಲವೇ ತಾಮ್ರದ ತಟ್ಟೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತಿಲ್ಲ. ಎರಡನೆಯದನ್ನು ನಗುವ ವಿಷಯ ಎಂದುಕೊಳ್ಳಬೇಡಿ, ಆಗಾಗ ನಡೆಯುತ್ತದೆ. ಯಂತ್ರಕ್ಕೆ ಸ್ವಲ್ಪ ಹೊತ್ತು ಭಾರಿ ಕೆಲಸ ಕೊಟ್ಟು ಎರಡೂ ಕೊಳವೆಗಳನ್ನು ಕೈಯಿಂದ ಮುಟ್ಟಿ ನೋಡುವುದು ಹಳೆಯ ಉಪಾಯ. ಹರಿವು ಚೆನ್ನಾಗಿದ್ದರೆ ಎರಡೂ ಬಹುತೇಕ ಒಂದೇ ಸಮ ಬೆಚ್ಚಗಿರುತ್ತವೆ. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ದ್ರವ ಹರಿಯುತ್ತಿಲ್ಲ.

ತಂತಿಯೆಲ್ಲ ಸರಿಯಿದ್ದೂ ಗುಳುಗುಳು ಸದ್ದು ಬಂದರೆ ಅದು ಒಳಗಿನ ಗಾಳಿಗುಳ್ಳೆ. ಗಾಳಿ ಯಾವಾಗಲೂ ಎತ್ತರದ ಜಾಗಕ್ಕೆ ಹೋಗುವುದರಿಂದ ಪಂಪಿಗಿಂತ ರೇಡಿಯೇಟರಿನ ತಲೆ ಮೇಲಿರಬೇಕು.

ಏಪ್ರಿಲ್ ಮಧ್ಯಾಹ್ನ

ದಾವಣಗೆರೆಯ ಬೇಸಿಗೆಯಲ್ಲಿ ಹೊರಗೆ 38 ಡಿಗ್ರಿ, ಕೆಲವು ದಿನ 40. ಶೀಟಿನ ಮಾಡಿನ ಕೋಣೆಯಾದರೆ ಒಳಗೂ ಅಷ್ಟೇ. ನೀರಿನ ಕೂಲರ್ ಎಂಬ ಹೆಸರು ಕೇಳಿ ಅದು ಏಸಿಯಂತೆ ತಂಪು ಹುಟ್ಟಿಸುತ್ತದೆ ಎಂದು ನಂಬಿದವರಿದ್ದಾರೆ. ರೇಡಿಯೇಟರ್ ಬಿಸಿಯನ್ನು ಕೋಣೆಯ ಗಾಳಿಗೆ ಸಾಗಿಸಬಲ್ಲದು ಅಷ್ಟೇ, ದ್ರವ ಎಂದಿಗೂ ಕೋಣೆಗಿಂತ ತಣ್ಣಗಾಗದು. ಕೋಣೆ 37 ಇದ್ದರೆ ಬಿಡುವಾಗಿರುವ ಯಂತ್ರದ ದ್ರವ 40 ಮುಟ್ಟುವುದು ಸಹಜ, ಕೆಲಸ ಹೆಚ್ಚಿದಾಗ 50 ದಾಟಬಹುದು. ದ್ರವ ಸುಮಾರು 60 ಡಿಗ್ರಿ ಮೀರಬಾರದು ಎಂದು ಅನೇಕ ತಯಾರಕರು ಹೇಳುತ್ತಾರೆ. ಅಂದರೆ ಚಳಿಗಾಲದಲ್ಲಿ ಸಲೀಸಾಗಿ ನಡೆದ ಅರ್ಧ ವೇಗದ ಪಂಪು, ದೂಳು ತುಂಬಿದ ರೇಡಿಯೇಟರು ಬೇಸಿಗೆಯಲ್ಲಿ ಬಣ್ಣ ಬಯಲು ಮಾಡುತ್ತವೆ. ಯುಗಾದಿಗೆ ಮನೆ ಸಾರಿಸುವಾಗ ರೇಡಿಯೇಟರಿನ ದೂಳನ್ನೂ ಹೊಡೆದುಬಿಡಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿರಬೇಕು.

ವೋಲ್ಟೇಜ್ ಏರಿಳಿತದಿಂದ ಪಂಪಿಗೆ ಏಟು ಬೀಳುವುದೇ ಎಂದೂ ಕೇಳುತ್ತಾರೆ. ಗೋಡೆಯ ಪ್ಲಗ್ಗಿನಲ್ಲಿ 230 ಇರಲಿ 200 ಇರಲಿ, ಒಳ್ಳೆಯ ಎಸ್‌ಎಂಪಿಎಸ್ ತನ್ನ 12 ವೋಲ್ಟನ್ನು ಐದು ಪ್ರತಿಶತದ ಆಚೀಚೆ ಹೋಗದಂತೆ ಹಿಡಿದಿಡುತ್ತದೆ, ಹೀಗಾಗಿ ಪಂಪಿಗೆ ಆ ಸುದ್ದಿಯೇ ಮುಟ್ಟುವುದಿಲ್ಲ. ಕರೆಂಟು ಪೂರ್ತಿ ಹೋದರೆ ಪಂಪಿನ ಜೊತೆ ಪ್ರೊಸೆಸರೂ ಅದೇ ಕ್ಷಣ ನಿಲ್ಲುವುದರಿಂದ ಹೊಸ ಬಿಸಿ ಹುಟ್ಟುವುದಿಲ್ಲ. ಯುಪಿಎಸ್ ಇಲ್ಲದಿದ್ದರೆ ಉಳಿಸದ ಕೆಲಸ ಹೋಗುತ್ತದೆ, ಕೂಲರಿಗೇನೂ ಆಗುವುದಿಲ್ಲ.

ಕರೆಂಟು ಬೇರೊಂದು ಬಗೆಯಲ್ಲಿ ಕಾಡುತ್ತದೆ. ಬಯಾಸ್‌ನಲ್ಲಿ ಇಟ್ಟ ಸೆಟ್ಟಿಂಗುಗಳನ್ನೂ ಗಡಿಯಾರವನ್ನೂ ಕಾಯುವುದಕ್ಕೆ ಬೋರ್ಡಿನ ಮೇಲೆ ಸಿಆರ್ 2032 ಎಂಬ ನಾಣ್ಯದಾಕಾರದ ಸೆಲ್ ಇದೆ. ಯಂತ್ರ ಆರಿದ್ದರೂ ಗೋಡೆಯ ಸ್ವಿಚ್ಚು ಹಾಕಿದ್ದರೆ ಆ ಸೆಲ್ಲಿನ ಮೇಲೆ ಭಾರ ಬೀಳುವುದಿಲ್ಲ. ದಿನಾ ರಾತ್ರಿ ಮೇನ್ ಆರಿಸುವ ಅಂಗಡಿಗಳಲ್ಲಿ ಅದು ಬೇಗ ಸೊರಗುತ್ತದೆ. ಸೆಲ್ ಸತ್ತರೆ ಗಡಿಯಾರ ಹಿಂದೆ ಬೀಳುತ್ತದೆ, ಹಲವು ಬೋರ್ಡುಗಳಲ್ಲಿ ಪೂರ್ಣ ವೇಗಕ್ಕೆ ಕಟ್ಟಿಹಾಕಿದ ಹೆಡರೂ ತನ್ನ ಹಳೆಯ ಸೆಟ್ಟಿಂಗಿಗೆ ಮರಳುತ್ತದೆ. ಬಯಾಸ್ ಅಪ್‌ಡೇಟ್ ಮಾಡಿದಾಗಲೂ ಹೀಗೇ ಆಗುವುದುಂಟು. ಆದ್ದರಿಂದ ತಾರೀಖು ತಪ್ಪು ತೋರಿಸಿದ ದಿನ ಅದನ್ನಷ್ಟೇ ತಿದ್ದಿ ಸುಮ್ಮನಾಗದೆ ಫ್ಯಾನಿನ ಪುಟವನ್ನೂ ತೆರೆದು ನೋಡಿ. ಸೆಲ್ಲು ಕೈಗಡಿಯಾರ ರಿಪೇರಿ ಮಾಡುವ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ಗು ಕಿತ್ತು, ಅಚ್ಚಿರುವ ಮುಖ ಮೇಲೆ ಬರುವಂತೆ ಕೂರಿಸಿದರಾಯಿತು.